ತರಗತಿಯ ಹೊರಗೆ ನಿಂತ ಹುಡುಗ

ಕುನ್ನತ್ತೂರಿನ ಕನ್ನಡ ಮನೆಯೊಂದರ 7 ವರ್ಷದ ಹುಡುಗ ತರಗತಿಯಲ್ಲೇ ಚಡ್ಡಿ ಹೊಲಸುಮಾಡಿಕೊಳ್ಳುತ್ತಿದ್ದ. ಸೋಮಾರಿತನವೆಂದು ಬಗೆದು ನಾವು ಅವನನ್ನು ಹೊರಗೆ ನಿಲ್ಲಿಸಿದೆವು. ಶಿಕ್ಷಕರ ತರಬೇತಿಯಲ್ಲಿ ಮನಶ್ಶಾಸ್ತ್ರ ಓದಿದ್ದೆವು. ಮಲಬದ್ಧತೆಯ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ.

ಕೋಯಮುತ್ತೂರಿನ ಮಕ್ಕಳ ವೈದ್ಯರು ಹೊಟ್ಟೆ ಒತ್ತಿ ನೋಡಿ ವಿವರಿಸಿದರು: ತಡೆಹಿಡಿದ ಮಲ ಗಟ್ಟಿಯಾಗಿ ಗುದನಾಳ ಹಿಗ್ಗಿದೆ, ಒತ್ತಡದ ಅರಿವು ಕುಂದಿದೆ, ತೆಳುಮಲ ಪಕ್ಕದಿಂದ, ಹುಡುಗನಿಗೆ ತಿಳಿಯದಂತೆಯೇ, ಜಿನುಗುತ್ತಿದೆ. ಮನೆಯವರೋ ಭೇದಿಯೆಂದು ತಿಳಿದು ಭೇದಿ ಕಟ್ಟುವ ಔಷಧಿ ಕೊಟ್ಟಿದ್ದರು! ಮೊದಲು ಗಟ್ಟಿಮಲ ಹೊರಹೋಗಬೇಕು. ಬಳಿಕ ಮಲ ಮೆದುವಾಗಿಸುವ ಔಷಧಿ ತಿಂಗಳುಗಟ್ಟಲೆ ನಡೆಯಬೇಕು. ಊಟವಾದ ಮೇಲೆ 5ರಿಂದ 10 ನಿಮಿಷ ಕೂರಿಸಬೇಕು. ಗದರಿಸಲೇಬಾರದು.

ಅವನು ತಡೆಹಿಡಿದದ್ದಾದರೂ ಏಕೆ? ಶಾಲೆಯ ಕಕ್ಕಸಿಗೆ ಬೀಗ ಜಡಿದು ಬೀಗದ ಕೈ ಇಟ್ಟುಕೊಂಡಿದ್ದವರು ನಾವೇ. ಆ ಬೀಗ ಈಗ ನಮ್ಮ ಮೇಜಿನ ಖಾನೆಯಲ್ಲಿದೆ.