ಸವೆದ ಅಕ್ಷರಕ್ಕೆ ಅಡ್ಡ ಬೆಳಕು

ನಾಣ್ಯದ ಫೋಟೋ ತೆಗೆಯುವವರಿಗೆ ಕ್ಯಾಮೆರಾಕ್ಕಿಂತ ದೀಪದ ಚಿಂತೆ ಹೆಚ್ಚು. ಕಿರುಬೆರಳ ಉಗುರಿನಷ್ಟಿರುವ ಒಂದು ವರಾಹವನ್ನು ತೆಗೆದುಕೊಳ್ಳಿ. ಅದರ ಮೇಲೆ ಉಬ್ಬಿದ ಅಕ್ಷರದ ಎತ್ತರ ಒಂದು ಮಿಲಿಮೀಟರಿನ ಸಣ್ಣದೊಂದು ಪಾಲು. ಇನ್ನೂರು ಮುನ್ನೂರು ವರ್ಷ ಕೈಯಿಂದ ಕೈಗೆ, ಕೊರಳಿಂದ ಕೊರಳಿಗೆ ಹೋಗಿ ಸವೆದ ಮೇಲೆ ಅದೂ ಉಳಿದಿರುವುದಿಲ್ಲ. ಮೇಲಿನಿಂದ ನೇರವಾಗಿ ಫ್ಲಾಶ್ ಹೊಡೆದರೆ ಚಿನ್ನ ಕನ್ನಡಿಯಂತೆ ಉರಿದು, ಚಿತ್ರದಲ್ಲಿ ಒಂದು ಹಳದಿ ಚುಕ್ಕೆ ಮಾತ್ರ ಸಿಗುತ್ತದೆ.

ನನ್ನ ಪಿಎಚ್‌.ಡಿ. ಕೆಲಸ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಮನೆಮಂದಿಯ ಹತ್ತಿರ ಉಳಿದಿರುವ ನಾಣ್ಯಗಳ ಮೇಲೆ. ಮ್ಯೂಸಿಯಮ್ಮಿನ ನಾಣ್ಯ ನಾಳೆಯೂ ಅಲ್ಲೇ ಇರುತ್ತದೆ. ದೇವರ ಜಗಲಿಯ ಮೇಲಿನದು, ಪುತಳಿ ಸರದಲ್ಲಿ ಪೋಣಿಸಿದ್ದು ಮುಂದಿನ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಪತ್ತಾರರ ಮೂಸೆ ಸೇರಬಹುದು. ಆಮೇಲೆ ಉಳಿಯುವುದು ತೂಕ, ಅಳತೆ ಮತ್ತು ಫೋಟೋ. ಹಾಗಾಗಿ ಬೆಳಕಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಸಾಮಾನು ಬಹಳವಿಲ್ಲ. ಮ್ಯಾಕ್ರೊ ಲೆನ್ಸು, ಕೆಳಮುಖವಾಗಿ ಕ್ಯಾಮೆರಾ ಹಿಡಿಯುವ ಸ್ಟ್ಯಾಂಡು, ಒಂದೇ ಬಣ್ಣದ ಬೆಳಕು ಕೊಡುವ ಎರಡು ಎಲ್‌ಇಡಿ ದೀಪ, ಬೆಳಕನ್ನು ಮೆದು ಮಾಡಲು ಟ್ರೇಸಿಂಗ್ ಪೇಪರು, ಫೋಟೋ ಫ್ರೇಮಿನಿಂದ ಬಿಚ್ಚಿದ ಒಂದು ಗಾಜು, ಒಂದು ರಬ್ಬರು. ನಾಣ್ಯವನ್ನು ಮೇಜಿನ ಮೇಲೆ ಇಡದೆ ಪೆನ್ಸಿಲ್ ಅಳಿಸುವ ರಬ್ಬರಿನ ಮೇಲಿಟ್ಟರೆ ಅದರ ನೆರಳು ಕೆಳಗೆಲ್ಲೋ ಬಿದ್ದು ಮಸುಕಾಗುತ್ತದೆ, ಅಂಚು ಸ್ಪಷ್ಟವಾಗುತ್ತದೆ. ಮನೆಯ ಬಲ್ಬು ಆರಿಸಬೇಕು, ಕಿಟಕಿ ಮುಚ್ಚಬೇಕು. ಬೇಸಿಗೆಯಲ್ಲಿ ಫ್ಯಾನೂ ಇಲ್ಲದೆ ಕತ್ತಲಲ್ಲಿ ಕೂತ ನನ್ನನ್ನು ಮನೆಯ ಮಕ್ಕಳು ಬಾಗಿಲ ಸಂದಿಯಿಂದ ನೋಡುವುದುಂಟು.

ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನಲ್ಲಿ ಹಿಂದೆ 46 ಚಿನ್ನದ ನಾಣ್ಯಗಳ ನಿಧಿ ಸಿಕ್ಕಿತ್ತು. ರೋಮನ್ ಮತ್ತು ಬೈಜಾಂಟಿನ್ ಚಕ್ರವರ್ತಿಗಳ ನಾಣ್ಯಗಳು, ನಮ್ಮೂರ ಕಡೆಯ ಮಣ್ಣಿನಲ್ಲಿ! ದಕ್ಷಿಣ ಭಾರತದಲ್ಲಿ ಸಿಕ್ಕಿರುವ ಸಾಲಿಡಸ್‌ಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲೆ ಜೋಡಿ ತೂತುಗಳಿವೆ. ಯಾರೋ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದರು. ಇಂಥವುಗಳಲ್ಲಿ ಕೆಲವು ಅಸಲಿ, ಕೆಲವು ಇಲ್ಲೇ ಮಾಡಿದ ಅನುಕರಣೆ. ಲ್ಯಾಟಿನ್ ಬಾರದ ಕಮ್ಮಟದವನು ಅಕ್ಷರವನ್ನು ಗೆರೆಗಳನ್ನಾಗಿ ಬಿಡಿಸಿರುತ್ತಾನೆ. ಆ ಗೆರೆ ಅಕ್ಷರವೋ ಅಲಂಕಾರವೋ ಎಂಬ ತೀರ್ಮಾನ ಅದರ ಬುಡದಲ್ಲಿ ಬೀಳುವ ನೆರಳನ್ನು ನಂಬಿಕೊಂಡಿದೆ.

ಬೆಳಕು ಸುಳ್ಳನ್ನೂ ಹೇಳುತ್ತದೆ. ಬೆಳಕು ಮೇಲಿನಿಂದ ಬರುತ್ತದೆಂದು ನಮ್ಮ ಕಣ್ಣು ಮೊದಲೇ ಒಪ್ಪಿಕೊಂಡಿರುತ್ತದೆ. ಸೂರ್ಯನ ಅಭ್ಯಾಸ ಅದು. ಆದ್ದರಿಂದ ನಾಣ್ಯದ ಚಿತ್ರಕ್ಕೆ ದೀಪವನ್ನು ಮೇಲೆ ಎಡಗಡೆ, ಗಡಿಯಾರದ ಹತ್ತು ಹನ್ನೊಂದರ ಜಾಗದಲ್ಲಿ ಇಡುವ ರೂಢಿ. ಅದೇ ದೀಪವನ್ನು ಕೆಳಗಿಟ್ಟು ತೆಗೆದರೆ ಉಬ್ಬಿದ ಚುಕ್ಕೆ ಕುಳಿಯಾಗಿ, ಕುಳಿ ಉಬ್ಬಾಗಿ ಕಾಣುತ್ತದೆ. ನಂಬದವರು ಯಾವುದಾದರೂ ನಾಣ್ಯದ ಫೋಟೋವನ್ನು ಮೊಬೈಲಿನಲ್ಲಿ ತಲೆಕೆಳಗು ಮಾಡಿ ನೋಡಬಹುದು.

ಪದ್ಮಟಂಕಗಳಲ್ಲಿ ಈ ಗೋಳು ಇನ್ನೂ ಹೆಚ್ಚು. ಬಟ್ಟಲಿನಂತೆ ಬಾಗಿದ ತೆಳು ಚಿನ್ನದ ಬಿಲ್ಲೆ. ನಡುವೆ ಕಮಲ, ಸುತ್ತ ಸಿಂಹ, ಶ್ರೀಕಾರ. ಒಂದೊಂದನ್ನೂ ಬೇರೆ ಬೇರೆ ಮುದ್ರೆಯಿಂದ ಒತ್ತಿದ್ದು. ಒಂದು ಆಳ, ಇನ್ನೊಂದು ವಾರೆ, ಮತ್ತೊಂದು ಅಂಚಿನಲ್ಲಿ ಅರ್ಧ. ಬಟ್ಟಲಿನ ಒಳಮೈ ಬೆಳಕನ್ನು ನಡುವಿಗೆ ತಳ್ಳಿ ಕಮಲವನ್ನು ಸುಟ್ಟುಬಿಡುತ್ತದೆ. ಸಿಂಹಕ್ಕೆ ಸರಿಹೋದ ದೀಪ ಶ್ರೀಕಾರವನ್ನು ನುಂಗುತ್ತದೆ. ಹಾನಗಲ್ಲ ತಾರಕೇಶ್ವರ ಗುಡಿಯ ಚಾವಣಿಯ ಕಮಲವನ್ನು ಟಾರ್ಚು ಹಿಡಿದು ನೋಡಿದವರಿಗೆ ಇದು ಗೊತ್ತು. ನೆಟ್ಟಗೆ ಹಿಡಿದರೆ ಕಲ್ಲು, ಓರೆ ಹಿಡಿದರೆ ಎಸಳು. ಬಂಕಾಪುರದ ಅರವತ್ತು ಕಂಬದ ಗುಡಿಯ ನುಣುಪು ಕಂಬಗಳೂ ನನಗೆ ಹೊಳಪಿನ ಪಾಠ ಹೇಳಿವೆ. ಅಲ್ಲಿ ಕ್ಯಾಮೆರಾ ಎತ್ತಿದರೆ ಕಂಬದೊಳಗೆ ಹೊರಗಿನ ಬಿಸಿಲು ಬಂದು ನಿಂತಿರುತ್ತದೆ.

ಸವಣೂರಿನ ಕಡೆ ತಾಮ್ರ ಜಾಸ್ತಿ ಸಿಗುತ್ತದೆ: ಶಿವರಾಯಿ ಕಾಸು, ಆನೆಯ ಗುರುತಿನ ಟಿಪ್ಪುವಿನ ದುಡ್ಡು. ತಾಮ್ರಕ್ಕೆ ಬೆಳಕು ಸುಲಭ, ಜನ ಕಷ್ಟ. ಮೇಡಂ ಬರುತ್ತಾರೆಂದು ಹುಣಸೆಹಣ್ಣು ಹಚ್ಚಿ ಪಾತ್ರೆ ಬೆಳಗಿದಂತೆ ಬೆಳಗಿ ಇಟ್ಟಿರುತ್ತಾರೆ. ಕಾಲ ಕಟ್ಟಿದ ಕಪ್ಪು ಪದರವೇ ಅಕ್ಷರದ ಸಂದುಗಳನ್ನು ಎತ್ತಿ ತೋರಿಸುವುದು. ಅದು ಹೋದರೆ ಯಾವ ದೀಪವೂ ಮರಳಿ ಕೊಡದು. ದಯವಿಟ್ಟು ತಿಕ್ಕಬೇಡಿ ಎಂದು ಈಗ ಫೋನಿನಲ್ಲೇ ಹೇಳಿಬಿಡುತ್ತೇನೆ.

ಹಿರೇಕೆರೂರು ತಾಲೂಕಿನ ಒಂದು ಮನೆಯಲ್ಲಿ ನೋಡಿದ್ದು ಒಂದೇ ನಾಣ್ಯ. ತೂಕ ಸುಮಾರು ಮೂರೂವರೆ ಗ್ರಾಂ, ಮೇಲೊಂದು ಕೊಂಡಿ ಬೆಸೆದಿದ್ದರು. ಮುಂಬದಿಯಲ್ಲಿ ಶಿವಪಾರ್ವತಿ ಕೂತಿದ್ದಾರೆ. ಹಿಂಬದಿ ನುಣ್ಣಗೆ. ಮೊಮ್ಮಗಳ ನರ್ಸಿಂಗ್ ಕಾಲೇಜಿನ ಫೀಸಿಗಾಗಿ ಆ ವಾರವೇ ಅದನ್ನು ಕೊಡುವವರಿದ್ದರು. ಪತ್ತಾರರು ತೂಕ ಹಾಕಿಯೂ ಆಗಿತ್ತು.

“ಕೆಳದಿ ಚನ್ನಮ್ಮನ ಕಾಲದ್ದು ಅಂತ ನಮ್ಮತ್ತಿ ಹೇಳ್ತಿದ್ರು,” ಅಂದರು ಮನೆಯ ಹಿರಿಯ ಅಜ್ಜಿ. ಇರಲಾರದ್ದಲ್ಲ. ಶಿವಪಾರ್ವತಿಯ ವರಾಹವನ್ನು ಇಕ್ಕೇರಿ ಅರಸರು ಹೊರಡಿಸಿದ್ದರು, ಹಿಂಬದಿಯಲ್ಲಿ ನಾಗರಿಯಲ್ಲಿ ಶ್ರೀ ಸದಾಶಿವ ಎಂದಿರುತ್ತದೆ. ಆದರೆ 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಮುಂಬದಿಯ ದೇವರನ್ನು ಹಾಗೇ ಉಳಿಸಿಕೊಂಡು, ಹಿಂಬದಿಯಲ್ಲಿ ಚುಕ್ಕೆಗಳ ನಡುವೆ ತನ್ನ ಹೆಸರಿನ ಮೊದಲಕ್ಷರವನ್ನು ಪರ್ಶಿಯನ್ ಲಿಪಿಯಲ್ಲಿ ಹಾಕಿಸಿದ. ಇದು ಯಾರದು ಎಂಬುದನ್ನು ಹೇಳಬೇಕಾದದ್ದು ಆ ಸವೆದ ಹಿಂಬದಿಯೇ.

ಮೊದಲು ಗಾಜು ಹಿಡಿದೆ. ಲೆನ್ಸು ಮತ್ತು ನಾಣ್ಯದ ನಡುವೆ ಗಾಜನ್ನು 45 ಡಿಗ್ರಿ ಓರೆಯಾಗಿಟ್ಟು ಪಕ್ಕದಿಂದ ಬೆಳಕು ಬಿಟ್ಟರೆ ಅದು ಗಾಜಿಗೆ ತಾಗಿ ನೆಟ್ಟಗೆ ನಾಣ್ಯದ ಮೇಲಿಳಿಯುತ್ತದೆ. ಬಯಲು ಬೆಳ್ಳಗೆ, ಅಕ್ಷರದ ಅಂಚು ಕಪ್ಪಗೆ ಬರಬೇಕು. ಬಂದದ್ದು ಬರೀ ಬಯಲು. ಗಾಜು ತೆಗೆದು ಒಂದೇ ದೀಪವನ್ನು ನಾಣ್ಯದ ಮಟ್ಟಕ್ಕೆ ಇಳಿಸಿದೆ, ಹೊತ್ತು ಮುಳುಗುವಾಗಿನ ಬಿಸಿಲು ಹೊಲದ ಮೇಲೆ ಬೀಳುವ ಹಾಗೆ. ಎಡದಿಂದ ಏನೂ ಇಲ್ಲ. ದೀಪವನ್ನು ಇಷ್ಟಿಷ್ಟೇ ಸುತ್ತಿಸುತ್ತ ಬಲಗಡೆ ಬಂದಾಗ ಅಂಚಿನ ಬಳಿ ಮರಳು ಚೆಲ್ಲಿದಂತೆ ಚುಕ್ಕೆ ಎದ್ದವು. ಇನ್ನೊಂದು ಬೆರಳು ಸರಿಸಿದರೆ ನಡುವೆ ಒಂದು ದಪ್ಪ ಬಳುಕು.

“ಯವ್ವಾ, ಇದು ಚನ್ನಮ್ಮನ ಕಾಲದ್ದಲ್ರಿ. ಹೈದರಾಲಿದ್ದು.”

ಅಜ್ಜಿ ಪರದೆಯ ಹತ್ತಿರ ಬಗ್ಗಿ ನೋಡಿದರು. “ಹೌದಾ? ಮತ್ತ ಮುಂದ ಶಿವ ಪಾರ್ವತಿ ಅದಾರಲ್ಲ?”

“ಅವನೂ ಅವರನ್ನ ಹಂಗ ಬಿಟ್ಟಾನ್ರಿ.”

“ಬಿಡದ ಏನ್ ಮಾಡ್ಯಾನು, ಮಂದಿ ತಗೋಬೇಕಲ್ಲ.”

ಹಣದ ಚಲಾವಣೆ ಬಗ್ಗೆ ನಾನು ಓದಿದ ಒಂದಿಡೀ ಅಧ್ಯಾಯ ಅದರಲ್ಲಿತ್ತು. ಆದರೆ ಆ ಓರೆ ಬೆಳಕಿನ ಚಿತ್ರ ಅವರಿಗೆ ಸೇರಲಿಲ್ಲ. ಗೀರು, ತಗ್ಗು, ಕೊಂಡಿಯ ಬೆಸುಗೆ ಎಲ್ಲ ಎದ್ದು ಕಾಣುತ್ತಿತ್ತು. “ಇಷ್ಟು ಸವದೈತೇನ ತಂಗಿ? ದೀಪಾವಳ್ಯಾಗ ಪೂಜಾಕ್ಕ ಇಟ್ರ ಹೆಂಗ ಹೊಳೀತಿತ್ತು,” ಅಂದರು. ಅವರಿಗಾಗಿ ಟ್ರೇಸಿಂಗ್ ಪೇಪರಿನ ಕೊಳವೆ ಮಾಡಿ ನಾಣ್ಯದ ಸುತ್ತ ನಿಲ್ಲಿಸಿ ಎರಡೂ ದೀಪ ಹಚ್ಚಿದೆ. ಶಿವಪಾರ್ವತಿ ಬೆಣ್ಣೆಯಲ್ಲಿ ಮಾಡಿದಂತೆ ಮೃದುವಾಗಿ ಬಂದರು.

ಎರಡರಲ್ಲಿ ನಿಜವಾದ ಚಿತ್ರ ಯಾವುದು ಎಂದು ಸೆಮಿನಾರಿನಲ್ಲಿ ಒಬ್ಬರು ಕೇಳಿದರು. ಹಳಗನ್ನಡ ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ಓಲೆಗರಿಯ ಪ್ರತಿಗಳಿಂದ ಕಾವ್ಯವನ್ನು ಸಂಪಾದಿಸುವವರು ಒಂದು ಪಾಠವನ್ನು ಮೇಲಿಟ್ಟು ಉಳಿದವನ್ನು ಪಾಠಾಂತರವೆಂದು ಅಡಿಯಲ್ಲಿ ಕೊಡುತ್ತಾರೆ. ನಾಣ್ಯದ ಕ್ಯಾಟಲಾಗುಗಳು ಮಾತ್ರ ಒಂದೇ ಬೆಳಕಿನ ಒಂದೇ ಚಿತ್ರ ಹಾಕಿ, ಅದೇ ನಾಣ್ಯ ಎಂಬಂತೆ ನಡೆದುಕೊಳ್ಳುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ. 2001ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವೊಂದಿದೆ. ಕ್ಯಾಮೆರಾ ಅಲುಗದಂತಿಟ್ಟು, ದೀಪವನ್ನು ಹತ್ತಾರು ದಿಕ್ಕಿಗೆ ಸರಿಸಿ ತೆಗೆದ ಚಿತ್ರಗಳನ್ನು ಕಂಪ್ಯೂಟರ್ ಒಂದುಗೂಡಿಸುತ್ತದೆ. ಓದುಗರು ಪರದೆಯ ಮೇಲೆ ತಾವೇ ಬೆಳಕನ್ನು ತಿರುಗಿಸಬಹುದು. ಮುದ್ರಿತ ಪ್ರಬಂಧದಲ್ಲಿ ಅದಾಗದು. ಅಲ್ಲಿ ನಾನು ಹಿಂಬದಿಗೆ ನಾಲ್ಕು ಚಿತ್ರ ಹಾಕಿ, ದೀಪ ಎಲ್ಲಿತ್ತೆಂದು ಕೆಳಗೆ ಬರೆಯುತ್ತೇನೆ. ಊರಿನ ಹೆಸರು ಹಾಕುವುದಿಲ್ಲ, ಫೋಟೋದೊಳಗೆ ಅಡಗಿರುವ ಜಾಗದ ಗುರುತನ್ನೂ ಅಳಿಸುತ್ತೇನೆ. ಚಿನ್ನವಿರುವ ಮನೆಯ ದಾರಿಯನ್ನು ಯಾರಿಗೂ ತೋರಿಸಬಾರದು.

ಹಿರೇಕೆರೂರಿನ ಆ ನಾಣ್ಯ ಮಾರಾಟವಾಯಿತು. ಮೊಮ್ಮಗಳು ಕಾಲೇಜು ಸೇರಿದ್ದಾಳೆ. ಹೊಳೆಯುವ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಳಿಸಿದ್ದೆ. ಜಗಲಿಯ ಮೇಲೆ ಇಟ್ಟಿದ್ದಾರಂತೆ. ಹೈದರನ ಬದಿಯದೂ ಬೇಕೇ ಎಂದು ಫೋನಿನಲ್ಲಿ ಕೇಳಿದೆ. “ಕಳಸವ್ವಾ, ಹಿಂದ ಅಂಟಿಸ್ತೇನಿ,” ಅಂದರು.