ಹತ್ತು ಎಣಿಸುವಷ್ಟು ಹೊತ್ತು

ನನ್ನ ಹೆಂಡತಿಗೆ ಈಗ 71. ಗ್ಲಾಕೋಮಾ ಎಂಬ ಕಾಯಿಲೆ ಅವಳ ಕಣ್ಣಿನ ಬೆಳಕನ್ನು ಸದ್ದಿಲ್ಲದೆ ತಿಂದುಹಾಕಿದೆ. ಇದರಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಉಳಿದದ್ದನ್ನು ಔಷಧಿಯಿಂದ ಕಾಪಾಡಿಕೊಳ್ಳಬೇಕು, ಅಷ್ಟೆ. (ನಲವತ್ತು ದಾಟಿದವರು ದಯವಿಟ್ಟು ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ. ನೋವಿಲ್ಲವೆಂದು ಸುಮ್ಮನಿರಬೇಡಿ.) ದಪ್ಪಕ್ಷರದ ಸತ್ಯವೇದ ತಂದೆವು, ಭೂತಕನ್ನಡಿ ತಂದೆವು. ಕಳೆದ ಮಳೆಗಾಲದ ಹೊತ್ತಿಗೆ ಅವೂ ಸಾಲದಾದವು.

ಮಗ ನನ್ನ ಫೋನಿಗೆ ಆಡಿಯೋ ಬೈಬಲ್ ಹಾಕಿಕೊಟ್ಟ. ಎರಡು ದಿನ ಕೇಳಿದಳು. ಮೂರನೇ ದಿನ, "ಇದು ಬೇಡ ಮಾರಾಯ್ರೆ. ಕೇಳುವುದು ಬೇರೆ, ಬಾಯಿಗೆ ಬರುವುದು ಬೇರೆ. ರಾತ್ರಿ ನಿದ್ದೆ ಬಾರದಿದ್ದರೆ ನಿಮ್ಮನ್ನು ಎಬ್ಬಿಸಿ ಫೋನ್ ಒತ್ತಿ ಅನ್ನಬೇಕಾ?" ಎಂದಳು.

ಅವಳಿಗೆ ಬೇಕಾಗಿದ್ದದ್ದು ಕೀರ್ತನೆಗಳ ಪುಸ್ತಕದ 121ನೇ ಅಧ್ಯಾಯ. ಎಂಟೇ ವಚನ. ಬಸವಣ್ಣನವರ ಮಾತಿಗೆ ಇರುವ ಹೆಸರನ್ನೇ ನಾವು ಕನ್ನಡ ಕ್ರೈಸ್ತರು ಸತ್ಯವೇದದ ಸಾಲುಗಳಿಗೂ ಇಟ್ಟುಕೊಂಡಿದ್ದೇವೆ. ಬೆಟ್ಟಗಳತ್ತ ಕಣ್ಣೆತ್ತಿ ನೋಡುವ, ತನ್ನನ್ನು ಕಾಯುವವನು ತೂಕಡಿಸುವುದಿಲ್ಲವೆಂದು ಧೈರ್ಯ ತಂದುಕೊಳ್ಳುವ ಯಾತ್ರಿಕನ ಹಾಡು ಅದು. ಸಂಡೇ ಸ್ಕೂಲಿನಲ್ಲಿ ಕಲಿತದ್ದು ಅವಳಿಗೆ ಅರ್ಧ ಮಾತ್ರ ನೆನಪಿತ್ತು. ಆಡಿಯೋದಲ್ಲಿ ಇದ್ದದ್ದು ಹೊಸ ಅನುವಾದ, ಪದಗಳು ಬೇರೆ. ಬಾಯಿಪಾಠಕ್ಕೆ ಎರಡು ಅನುವಾದ ಎಂದರೆ ಎರಡು ದೋಣಿಯ ಮೇಲೆ ಕಾಲಿಟ್ಟಂತೆ. ಹಾಗಾಗಿ ಅವಳ ಹಳೆಯ ಪುಸ್ತಕವನ್ನೇ ತೆಗೆದು, ಫ್ಯಾನ್ ನಿಲ್ಲಿಸಿ, ನಾನೇ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ.

ರೆಕಾರ್ಡ್ ಮಾಡಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ರತಿ ವಚನಕ್ಕೂ ಎರಡು ರೆಕಾರ್ಡಿಂಗ್. ಒಂದರಲ್ಲಿ ಪೂರ್ತಿ ವಚನ. ಇನ್ನೊಂದರಲ್ಲಿ ಮೊದಲಿನ ಎರಡು ಪದ ಮಾತ್ರ ಹೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಉಳಿದದ್ದನ್ನು ಓದಿದೆ. ಆ ಹತ್ತು ಎಣಿಕೆಯ ಮೌನದಲ್ಲಿ ಅವಳು ತಾನೇ ವಚನ ಮುಗಿಸಬೇಕು. ಮುಗಿಸುವಷ್ಟರಲ್ಲಿ ನನ್ನ ದನಿ ಬಂದು ಸರಿಯೋ ತಪ್ಪೋ ಹೇಳುತ್ತದೆ. ನೂರು ಸಲ ಕೇಳಿದರೂ ನಿಲ್ಲದ್ದು, ಹೀಗೆ ತಡಕಾಡಿ ಹುಡುಕಿದಾಗ ನಿಲ್ಲುತ್ತದೆ. ಇದನ್ನೆಲ್ಲ ಮೆಮೊರಿ ಕಾರ್ಡಿಗೆ ಹಾಕಿ ಹಳೆಯ ಕೀಪ್ಯಾಡ್ ಫೋನಿಗೆ ಸೇರಿಸಿದೆ. ನುಣುಪಾದ ಟಚ್ ಫೋನಿನಲ್ಲಿ ಬೆರಳಿಗೆ ಏನೂ ಸಿಗುವುದಿಲ್ಲ. ಕೀಪ್ಯಾಡಿನಲ್ಲಿ 5ರ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ, ಸವರಿ ನೋಡಿ. ಅದನ್ನು ಹಿಡಿದು ಅವಳು ಉಳಿದ ಗುಂಡಿಗಳ ದಾರಿ ಕಂಡುಕೊಂಡಳು.

ಇನ್ನು ಯಾವಾಗ ಕೇಳಬೇಕು ಎಂಬುದು. ಬ್ಯಾಂಕಿನಲ್ಲಿ ನಮಗೆ ಡ್ಯೂ ಡೇಟ್ ಡೈರಿ ಎಂದು ಇರುತ್ತಿತ್ತು. ಬೆಳಿಗ್ಗೆ ಆ ದಿನದ ಪುಟ ತೆರೆದರೆ ಯಾವ ಬಿಲ್ಲು ಇವತ್ತು ಪಾವತಿಗೆ ಬಂತೆಂದು ತಿಳಿಯುತ್ತಿತ್ತು. ಫೋನಿನ ಕ್ಯಾಲೆಂಡರನ್ನು ನಾನು ಹಾಗೆಯೇ ಬಳಸುತ್ತೇನೆ. ಹೊಸ ವಚನ ನಾಳೆಗೆ, ಆಮೇಲೆ ಮೂರು ದಿನಕ್ಕೆ, ವಾರಕ್ಕೆ, ಹದಿನೈದು ದಿನಕ್ಕೆ, ತಿಂಗಳಿಗೆ. ತಪ್ಪಿದರೆ ಮತ್ತೆ ನಾಳೆಯ ಪುಟಕ್ಕೆ. ಇದು ನನ್ನ ಕಂಡುಹಿಡಿತವಲ್ಲ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಉರುಹೊಡೆದು, ಮರೆವು ಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ ಬರುತ್ತದೆಂದು 1885ರಲ್ಲೇ ಬರೆದಿಟ್ಟಿದ್ದಾನೆ. ಈ ತಾರೀಖುಗಳನ್ನು ತಾನೇ ನೋಡಿಕೊಳ್ಳುವ ಆಂಕಿ ಎಂಬ ಆ್ಯಪ್ ಇದೆ. ನನಗೆ ಕ್ಯಾಲೆಂಡರೇ ಸಾಕು.

ಮಕ್ಕಳೇ, ಇನ್ನೊಂದು ಉಪಾಯ ನನ್ನ ಮೊಮ್ಮಗಳದ್ದು. ಬೆಂಗಳೂರಿನಲ್ಲಿ ಏಳನೇ ತರಗತಿ, ಕನ್ನಡ ಓದುವುದೆಂದರೆ ಮುಖ ಸಿಂಡರಿಸುತ್ತಾಳೆ. ಅಜ್ಜಿಯ ಜೊತೆ ಪಂದ್ಯ ಕಟ್ಟಿ ಅದೇ ಎಂಟು ವಚನ ಕಲಿಯಲು ಹೊರಟಳು. ಪ್ರತಿ ಪದದ ಮೊದಲಕ್ಷರ ಮಾತ್ರ ಫೋನಿನ ನೋಟ್ಸಿನಲ್ಲಿ ಬರೆದುಕೊಳ್ಳುತ್ತಾಳೆ. "ಕೈ ಕೆಸರಾದರೆ ಬಾಯಿ ಮೊಸರು" ಎಂಬುದು "ಕೈ ಕೆ ಬಾ ಮೊ" ಆಗುತ್ತದೆ. ಅದನ್ನು ನೋಡಿ ಪೂರ್ತಿ ಹೇಳಬೇಕು. ಕಗ್ಗಕ್ಕೂ ನಡೆಯುತ್ತದೆ, ವಿಜ್ಞಾನದ ವ್ಯಾಖ್ಯೆಗೂ ನಡೆಯುತ್ತದೆ. ಭಾನುವಾರ ಸಂಜೆ ಅಜ್ಜಿ ಅರ್ಧ ವಚನವನ್ನು ವಾಟ್ಸ್ಆ್ಯಪ್‌ನಲ್ಲಿ ದನಿಯಾಗಿ ಕಳಿಸುತ್ತಾಳೆ, ಉಳಿದರ್ಧ ಬೆಂಗಳೂರಿನಿಂದ ಬರುತ್ತದೆ. ಆರನೇ ವಚನದಲ್ಲಿ ಸೂರ್ಯ ಚಂದ್ರರನ್ನು ಇಬ್ಬರೂ ಅದಲುಬದಲು ಮಾಡುತ್ತಿದ್ದರು, ಆ ನಗು ಕೇಳಬೇಕಿತ್ತು.

ಎರಡು ತಿಂಗಳಲ್ಲಿ ಎಂಟೂ ಬಂದವು. ಈಗ ರಾತ್ರಿ ಎಚ್ಚರವಾದರೆ ಪಕ್ಕದಲ್ಲಿ ಸಣ್ಣ ಪಿಸುಮಾತು ಕೇಳಿಸುತ್ತದೆ. ನಾನು ಮಾತಾಡುವುದಿಲ್ಲ.

ಹೋದ ವಾರ, 119ನೆಯದು ಬೇಕು ಎಂದಳು. ಸತ್ಯವೇದದಲ್ಲೇ ಅತಿ ಉದ್ದದ ಅಧ್ಯಾಯ, 176 ವಚನ. ಹೀಬ್ರೂ ಭಾಷೆಯ 22 ಅಕ್ಷರಗಳಿಗೆ ತಲಾ ಎಂಟೆಂಟು, ಆಯಾ ಅಕ್ಷರದಿಂದಲೇ ಶುರುವಾಗುವ ಸಾಲುಗಳು. ಮೂಲದಲ್ಲಿ ಓದುವವರಿಗೆ ಅದೇ ಒಂದು ಹಗ್ಗ, ಕನ್ನಡದಲ್ಲಿ ಆ ಹಗ್ಗ ಇಲ್ಲ. ವಾರಕ್ಕೆರಡರಂತೆ ಹಿಡಿದರೂ 88 ವಾರ. ಅವಳಿಗೆ 71, ನನಗೆ 76. ಲೆಕ್ಕ ಹಾಕಿ ಹೇಳಿದೆ.

"ಹಾಗಾದರೆ ಇವತ್ತೇ ಶುರು ಮಾಡಿ" ಎಂದಳು. ಮೊದಲ ಎಂಟು ರೆಕಾರ್ಡ್ ಆಗಿವೆ.