ಕೊನೆ ದಿನದ ಮೂಟೆಗಳು

ರಾಯದುರ್ಗ, ಸಂಜೆ ಆರು. ಕಲ್ಯಾಣ ಮಂಟಪದಲ್ಲಿ ಹತ್ತು ದಿನದಿಂದ ನಡೆದ ಬಟ್ಟೆ ಪ್ರದರ್ಶನಕ್ಕೆ ಇವತ್ತು ಕೊನೆ. ಬಾಗಿಲಲ್ಲಿ ಕನ್ನಡ, ತೆಲುಗು ಎರಡರಲ್ಲೂ ಬೋರ್ಡು: ಕೊನೆ ದಿನ, ಅರ್ಧ ಬೆಲೆ. ತಮ್ಮನ ಮಗನಿಗೆ ಎರಡು ಪ್ಯಾಂಟು ತರೋಣ ಅಂತ ಹೋದರೆ ಜೀನ್ಸ್ ಮಳಿಗೆಯ ಮೇಜಿನ ಮೇಲೆ ಹಾಸಿದ ಬಿಳಿ ಬಟ್ಟೆ ಬಿಟ್ಟು ಏನೂ ಇಲ್ಲ. ಮಾಲೆಲ್ಲಪ್ಪಾ ಅಂದೆ. ಹುಡುಗ ಎದುರಿನ ಮಳಿಗೆ ಕಡೆ ಗಲ್ಲ ಎತ್ತಿ ತೋರಿಸಿದ. ಅಲ್ಲಿ ಆರು ಮೂಟೆ, ಬಾಯಿ ಹೊಲಿದು ಸಾಲಾಗಿ ಇಟ್ಟಿದ್ದವು. ಹತ್ತು ದಿನ ಎದುರುಬದುರು ನಿಂತು ಒಂದೇ ಗಿರಾಕಿಯನ್ನು ಇಬ್ಬರೂ ಕೂಗಿ ಕರೆದವರು. ಈಗ ಒಬ್ಬನ ಮಾಲೆಲ್ಲ ಇನ್ನೊಬ್ಬನ ಮೂಟೆಯಲ್ಲಿ.

ಇದು ನಾನು ನೋಡುತ್ತಿರುವುದು ಮೂರನೇ ಸಲ. ಅರ್ಥವಾಗದ್ದರಿಂದ ಬರೆದಿಡುತ್ತಿದ್ದೇನೆ.

*

ಹಿಂದೂಪುರದ ಸೀರೆ ಪ್ರದರ್ಶನದಲ್ಲಿ ಈ ವ್ಯಾಪಾರ ಕುದುರುವುದನ್ನೇ ನೋಡಿದ್ದೆ. ಅಲ್ಲೂ ಕೊನೆ ಸಂಜೆಯೇ. ಕೊಳ್ಳುವವನು ಸೀರೆ ಬಿಚ್ಚಲಿಲ್ಲ. ಅಟ್ಟಿಯ ಮಡಿಕೆಗಳ ಮೇಲೆ ಹೆಬ್ಬೆರಳು ಓಡಿಸಿ ಎಣಿಸಿದ, ನಡುವೆ ಒಂದೇ ಒಂದು ಸೀರೆಯ ಸೆರಗಿನ ಮೂಲೆ ಮಗುಚಿ ಹಿಂಬದಿಯ ಎಳೆ ನೋಡಿದ. ಆಮೇಲೆ ಕ್ಯಾಲ್ಕುಲೇಟರಿನಲ್ಲಿ ಒಂದು ಅಂಕಿ ಒತ್ತಿ ಅದನ್ನು ಮಾರುವವನ ಕಡೆ ತಿರುಗಿಸಿದ. ಮಾರುವವನು ಅಳಿಸಿ ತನ್ನ ಅಂಕಿ ಒತ್ತಿದ. ಐದಾರು ಸಲ ಕ್ಯಾಲ್ಕುಲೇಟರು ಅತ್ತಿತ್ತ ಹೋಗಿ ಬಂತು. ಒಂದು ಮಾತಿಲ್ಲ. ಒಪ್ಪಿಗೆಯಾದ ಮೇಲೆ ಅಂಕಿ ಅಳಿಸಿಯೇ ಅದನ್ನು ಜೇಬಿಗೆ ಹಾಕಿದ್ದು.

ಥಟ್ಟನೆ ನೆನಪಾದದ್ದು ದನದ ಜಾತ್ರೆ. ಅಪ್ಪನ ಜೊತೆ ಸಿದ್ಧಗಂಗೆ ಜಾತ್ರೆಗೆ ಹೋದಾಗ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಲ್ಲೇ ಬೆಲೆ ಹೇಳುತ್ತಿದ್ದರು. ಮುಖ ಎತ್ತಲೋ ನೋಡುತ್ತಿರುತ್ತಿತ್ತು, ಬೆರಳು ಮಾತಾಡುತ್ತಿತ್ತು. ಪಕ್ಕದ ಜೋಡಿಯ ಬೆಲೆ ಗೊತ್ತಾದರೆ ತನ್ನ ಜೋಡಿಗೂ ಅಷ್ಟೇ ಕೇಳುತ್ತಾರೆ, ಅದಕ್ಕೇ ಈ ಮುಸುಕು ಅಂತ ಅಪ್ಪ ಹೇಳಿದ್ದರು. ದನದ ವಿಷಯದಲ್ಲಿ ಒಪ್ಪುವ ಮಾತು. ಪ್ರದರ್ಶನದಲ್ಲಿ ಮಾತ್ರ ಬೆಲೆಯನ್ನು ಮುಚ್ಚಿಟ್ಟದ್ದು ಎರಡು ಮಾರು ದೂರದಲ್ಲಿ ಚೀಲ ಹಿಡಿದು ನಿಂತಿದ್ದ ನಾಲ್ಕು ಹೆಂಗಸರಿಂದ. ಆ ಅಂಕಿ ಕೇಳಿಸಿದ್ದರೆ ಅವರೂ ಒಂದೊಂದು ಸೀರೆ ಒಯ್ಯುತ್ತಿದ್ದರಲ್ಲ?

*

ಮಾರುವವನು ಯಾಕೆ ಕೊಡುತ್ತಾನೆ ಅನ್ನುವುದು ನನಗೆ ಕಷ್ಟವಿಲ್ಲದೆ ತಿಳಿಯುತ್ತದೆ. ನಮ್ಮದು ರತ್ನಗಿರಿ, ಕೋಟೆ ಬೆಟ್ಟದ ಕೆಳಗೆ ಎರಡು ಎಕರೆ ಹಿಪ್ಪುನೇರಳೆ. ರೇಷ್ಮೆ ಗೂಡು ಬಿಡಿಸಿದ ಮೇಲೆ ಹಿಂದೂಪುರದ ಮಾರುಕಟ್ಟೆಗೆ ಓಡಲೇಬೇಕು. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ತೂತಾದ ಗೂಡಿನಿಂದ ಉದ್ದನೆ ನೂಲು ಬಿಚ್ಚಲಾಗುವುದಿಲ್ಲ. ಆ ದಿನ ಹರಾಜು ಎಷ್ಟಕ್ಕೆ ನಿಂತರೂ ಹೂಂ ಅಂದುಬಿಟ್ಟು ಬಂದದ್ದುಂಟು.

ಬಟ್ಟೆಯನ್ನು ಹುಳ ತೂತು ಮಾಡುವುದಿಲ್ಲ, ಆದರೆ ಮಳಿಗೆಯವನಿಗೂ ಅಂಥದೇ ಒಂದು ಗಡುವು. ರಾತ್ರಿ ಹತ್ತಕ್ಕೆ ಮಂಟಪ ಖಾಲಿ ಮಾಡಬೇಕು. ಮಾಲು ವಾಪಸು ಒಯ್ಯಲು ಟೆಂಪೊ ಬಾಡಿಗೆ, ಹಮಾಲಿ. ರಾಜ್ಯದ ಗಡಿ ದಾಟುವ ಮಾಲು 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲು. ಊರಿಗೆ ಹೋದರೆ ಬಟ್ಟೆ ಕೊಟ್ಟವನು ಬಾಕಿಗೆ ಕಾದು ಕೂತಿರುತ್ತಾನೆ. ಎದುರಿನವನ ಕೈಯಲ್ಲಿ ರೊಕ್ಕ ಇದೆ, ಎಣಿಸಿ ಕೊಡುತ್ತಾನೆ. ಚಿಲ್ಲರೆ ಗಿರಾಕಿ ಒಂದೊಂದಾಗಿ ಬಿಚ್ಚಿಸಿ ನೋಡುವಷ್ಟರಲ್ಲಿ ಹತ್ತು ಗಂಟೆ ಹೊಡೆದಿರುತ್ತದೆ.

*

ಕೊಳ್ಳುವವನ ಲೆಕ್ಕ ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ಕೇಳಿದವರೆಲ್ಲ ಬೇರೆ ಬೇರೆ ಹೇಳಿದರು.

ಒಬ್ಬರು ಸೈಜಿನ ಮಾತು ಹೇಳಿದರು. ಜೀನ್ಸ್‌ನಲ್ಲಿ ಮೊದಲು ಖರ್ಚಾಗುವುದು 32, 34. ಕೊನೆ ದಿನ ಉಳಿದಿರುವುದು 28, 40. ಬರೀ ತುದಿಯ ಸೈಜುಗಳ ಮಾಲು ಮನೆಮಂದಿಗೆ ಬೇಡ. ಗೋದಾಮಿನಲ್ಲಿ ನಡುವಿನ ಸೈಜು ಇಟ್ಟುಕೊಂಡಿರುವ ವ್ಯಾಪಾರಿ ಇದನ್ನು ಅದಕ್ಕೆ ಸೇರಿಸಿ ಪೂರ್ತಿ ಸೆಟ್ಟು ಮಾಡಿ ಅಂಗಡಿಗಳಿಗೆ ಹಾಕುತ್ತಾನೆ. ಇದು ನ್ಯಾಯವಾದ ಜಾಣತನ, ಮೆಚ್ಚಿದೆ.

ಇನ್ನೊಬ್ಬರು ಹೇಳಿದ್ದು ಮನಸ್ಸಿಗೆ ನಾಟಿತು. ಅರ್ಧ ಬೆಲೆಯ ಮಾಲು ಊರೊಳಗೆ ಹರಡಿದರೆ ನಾಳೆಯಿಂದ ಕೊಳ್ಳುವವನ ಅಂಗಡಿಗೆ ಬಂದವರೂ ಅದೇ ಬೆಲೆ ಕೇಳುತ್ತಾರಂತೆ. ಆರು ಮೂಟೆಯ ರೊಕ್ಕ ಕೊಟ್ಟು ಅವನು ಆ ಬೆಲೆಯ ಬಾಯಿ ಮುಚ್ಚಿಸಿದ. ನಾನು ಖಾಲಿ ಕೈಯಲ್ಲಿ ಬಂದದ್ದು ಇದಕ್ಕೇ ಇರಬೇಕು.

ಸೀರೆಯಲ್ಲಿ ಮೂರನೆಯದೂ ಒಂದಿದೆ. ಸೆರಗಿನ ಮೂಲೆ ಮಗುಚಿ ನೋಡಿದನಲ್ಲ, ಅದು. ಇತ್ತ ಧರ್ಮಾವರ, ಅತ್ತ ರಾಯದುರ್ಗಕ್ಕೆ ಹೊಂದಿಕೊಂಡೇ ಇರುವ ಮೊಳಕಾಲ್ಮೂರು, ಎರಡೂ ಕೈಮಗ್ಗದ ರೇಷ್ಮೆಗೆ ಹೆಸರಾದ ಊರುಗಳು. ನೇಕಾರ ದಿನಗಟ್ಟಲೆ ಕೂತು ನೇಯ್ದ ಸೆರಗಿನ ವಿನ್ಯಾಸವನ್ನು ವಿದ್ಯುತ್ ಮಗ್ಗದವನು ಒಂದೇ ಸೀರೆ ಕೊಂಡೊಯ್ದು ಇಳಿಸಿಕೊಳ್ಳುತ್ತಾನೆ. ವಿದ್ಯುತ್ ಮಗ್ಗದಿಂದ ಕೈಮಗ್ಗವನ್ನು ಕಾಪಾಡಲೆಂದೇ 1985ರಲ್ಲಿ ಕೈಮಗ್ಗ ಮೀಸಲಾತಿ ಕಾಯ್ದೆ ಬಂತು. ಮೊದಲು 22 ಬಗೆ ಬಟ್ಟೆ ಕೈಮಗ್ಗಕ್ಕೇ ಮೀಸಲು ಎಂದಿದ್ದು ಈಗ 11ಕ್ಕೆ ಇಳಿದಿದೆ. ರಿಯಾಯಿತಿಯ ದಿನ ಕೊಂಡರೆ ನಕಲಿನ ಖರ್ಚೂ ಅರ್ಧ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

*

ಎದುರಾಳಿಯ ಅಗ್ಗದ ಮಾಲನ್ನು ಕೊಂಡು ಅವನನ್ನೇ ಸೋಲಿಸಿದ ಕತೆ ಅಮೆರಿಕದಲ್ಲೂ ಇದೆ. 20ನೇ ಶತಮಾನದ ಮೊದಲ ದಶಕ. ಮಿಶಿಗನ್ನಿನ ಹರ್ಬರ್ಟ್ ಡೌ ಬ್ರೋಮಿನ್ ತಯಾರಿಸುತ್ತಿದ್ದ. ಜರ್ಮನಿಯ ಕಂಪನಿಗಳ ಕೂಟ ಪೌಂಡಿಗೆ 49 ಸೆಂಟಿನಂತೆ ಮಾರುತ್ತಿದ್ದಲ್ಲಿ ಇವನು 36ಕ್ಕೆ ಕೊಟ್ಟ. ಇವನನ್ನು ಮುಳುಗಿಸಲು ಅವರು ಅಮೆರಿಕದೊಳಗೇ 15 ಸೆಂಟಿಗೆ ಸುರಿದರು. ಡೌ ಗುಟ್ಟಾಗಿ ಆ ಮಾಲನ್ನೇ ಕೊಳ್ಳಿಸಿ, ಯುರೋಪಿಗೆ ಸಾಗಿಸಿ 27ಕ್ಕೆ ಮಾರಿದ. ಕಡೆಗೆ ಜರ್ಮನರೇ ಸೋತರು.

ಓದಿದಾಗ ಖುಷಿಯಾಗಿತ್ತು. ಅಲ್ಲಿ ಚಿಕ್ಕವನು ದೊಡ್ಡವರಿಂದ ಕೊಂಡ, ಬೆಲೆ ಇಳಿಸಿದವರೂ ಬೇಕೆಂದೇ ಇಳಿಸಿದ್ದರು. ರಾಯದುರ್ಗದ ಹುಡುಗ ಬೆಲೆ ಇಳಿಸಿದ್ದು ಟೆಂಪೊ ಬಾಡಿಗೆಗೆ ಹೆದರಿ.

*

ರಾಯದುರ್ಗ 1953ರ ಅಕ್ಟೋಬರ್ 1ರವರೆಗೂ ಬಳ್ಳಾರಿ ಜಿಲ್ಲೆಯ ತಾಲೂಕು. ನಡುವೆ ರಾಜ್ಯದ ಗಡಿ ಬಿದ್ದು ಇಷ್ಟು ವರ್ಷವಾದರೂ ಬಳ್ಳಾರಿಯ ಜೀನ್ಸ್ ಜೊತೆಗಿನ ನಂಟು ಹೋಗಿಲ್ಲ. ಬೀದಿ ಬೀದಿಯಲ್ಲಿ ಹೊಲಿಗೆ ಮಿಷನ್ನಿನ ಸದ್ದು. ಹೊಲಿಯುವವರಲ್ಲಿ ಹೆಂಗಸರೂ ಇದ್ದಾರೆ, ಕೂಲಿ ಪೀಸಿನ ಲೆಕ್ಕ. ನನಗೆ ಗೊತ್ತಿರುವ ಒಬ್ಬಾಕೆಯನ್ನು ಮೂಟೆ ವಿಷಯ ಕೇಳಿದೆ.

“ನಮಗೇನಣ್ಣ, ಹೊಲಿದಾಗಲೇ ಕೂಲಿ ಬಂದಿರ್ತದೆ. ಅವನು ಅರ್ಧಕ್ಕೆ ಮಾರಿ ಬಂದ ಅಂದರೆ ಮುಂದಿನ ಲಾಟಿಗೆ ಪೀಸಿನ ಮೇಲೆ ಒಂದು ರೂಪಾಯಿ ಕಡಿಮೆ ಅಂತಾನೆ, ಅಷ್ಟೇ.”

ಅಷ್ಟೇ ಅಂದಳು. ದಿನಕ್ಕೆ ಎಷ್ಟು ಪೀಸು ಅಂತ ಕೇಳಲು ಬಾಯಿ ಬರಲಿಲ್ಲ.

*

ಶಿರಾ. ಮದುವೆ ಬಟ್ಟೆಗೆ ಹೋದವನು ತಮ್ಮನ ಮಗನ ಪ್ಯಾಂಟೂ ಅಲ್ಲೇ ಕೊಂಡೆ, ಪೂರ್ತಿ ಬೆಲೆಗೆ. ಮನೆಗೆ ಬಂದು ಬಿಚ್ಚಿದರೆ ಸೊಂಟದ ಪಟ್ಟಿಯ ಒಳಗೆ ಹೊಸ ಲೇಬಲ್ಲು, ಅದರ ಅಂಚಿನ ಪಕ್ಕದಲ್ಲಿ ಸೂಜಿ ತೂತುಗಳ ಇನ್ನೊಂದು ಸಾಲು. ಹಳೇ ಲೇಬಲ್ಲನ್ನು ಬ್ಲೇಡಿನಿಂದ ಬಿಡಿಸಿ ತೆಗೆದಿದ್ದಾರೆ. ತೂತುಗಳಲ್ಲಿ ಕಿತ್ತಳೆ ದಾರದ ನಾಲ್ಕು ತುಣುಕು ಇನ್ನೂ ಉಳಿದಿವೆ. ರಾಯದುರ್ಗದಲ್ಲೇ ಹೊಲಿದದ್ದೋ, ಆ ಆರು ಮೂಟೆಯದೇನೋ, ಹೇಳಲಾರೆ. ಪ್ಯಾಂಟನ್ನು ಒಂದು ದಿನ ಆ ಹೊಲಿಯುವಾಕೆಯ ಮುಂದೆ ಇಟ್ಟೆ. ಜೇಬನ್ನು ಹೊರಗೆ ಮಗುಚಿ, ಒಳಹೊಲಿಗೆಯ ಮೇಲೆ ಉಗುರು ಎಳೆದು ನೋಡಿದಳು. ಎಷ್ಟು ಕೊಟ್ಟೆ ಅಂತ ಕೇಳಿದಳು. ಹೇಳಿದೆ. ಜೇಬನ್ನು ಒಳಗೆ ತಳ್ಳಿ, ಮೊದಲಿದ್ದ ಹಾಗೇ ಮಡಿಸಿ ಕೊಟ್ಟಳು.